ಪಾಟೀಸವಾಲಿನ ದಿನ ಎದ್ದು ನಿಲ್ಲುವವರು ಯಾರು? ತಕರಾರಿನ ವಿಚ್ಛೇದನಕ್ಕೆ ವಕೀಲರನ್ನು ಹುಡುಕುವ ದಾರಿ

ನನ್ನ ತಂಗಿಗೆ ಕೋರ್ಟಿನ ಸಮನ್ಸ್ ಬಂದ ದಿನ ಮನೆಯಲ್ಲಿ ಗೌರಿ ಬಾಗಿನದ ಮೊರಗಳಿಗೆ ಅರಿಸಿನ ಬಳಿದು ಒಣಗಲು ಇಟ್ಟಿದ್ದೆವು. ಲಕೋಟೆಗೆ ಸಹಿ ಹಾಕಿ ಈಸಿಕೊಂಡವರು ಅಪ್ಪ. ಒಳಗೆ 32 ಪುಟ. ಅವಳು ಗಂಡನಿಗೆ ಕ್ರೌರ್ಯ ಎಸಗಿದ್ದಾಳೆ, ಹೇಳದೆ ಕೇಳದೆ ಮನೆ ಬಿಟ್ಟು ಹೋಗಿ ಎರಡು ವರ್ಷವಾಗಿದೆ, ಆದ್ದರಿಂದ ವಿಚ್ಛೇದನ ಕೊಡಿಸಿ ಎಂದು ಅರ್ಜಿ. ನಾವು ಅವತ್ತು ಸಂಜೆಯೇ ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ, ಯಾರೋ ಹೇಳಿದ ದೊಡ್ಡ ಹೆಸರಿನ ವಕೀಲರ ಆಫೀಸಿಗೆ ಮರುದಿನ ಬೆಳಿಗ್ಗೆ ಓಡಿ, ಹತ್ತೇ ನಿಮಿಷದಲ್ಲಿ ವಕಾಲತ್ತಿಗೆ, ಅಂದರೆ ನಮ್ಮ ಪರ ಕೇಸು ನಡೆಸಲು ಅವರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕಿಬಿಟ್ಟೆವು.

ಅದರ ಬೆಲೆ ಗೊತ್ತಾಗಿದ್ದು ಎರಡೂವರೆ ವರ್ಷದ ನಂತರ. ಗಂಡನ ಪಾಟೀಸವಾಲಿಗೆ, ಅಂದರೆ ಅವನ ಹೇಳಿಕೆಯನ್ನು ನಮ್ಮ ವಕೀಲರು ಪ್ರಶ್ನೆ ಕೇಳಿ ಪರೀಕ್ಷಿಸುವುದಕ್ಕೆ, ಕೇಸು ಕೂಗಿದಾಗ ನಮ್ಮ ಪರ ಎದ್ದು ನಿಂತದ್ದು ಫೈಲನ್ನು ಅವತ್ತೇ ಮೊದಲು ಕಂಡ ಒಬ್ಬ ಜೂನಿಯರ್. ಸಮಯ ಕೇಳಿದರು, ಕೋರ್ಟು ದಂಡ ಹಾಕಿ ಇನ್ನೊಂದು ವಾಯಿದೆ ಕೊಟ್ಟಿತು. ಆ ವಾಯಿದೆಗೂ ಹಾಗೆಯೇ ಆಯಿತು. ಮೂರನೆಯ ಸಲ ನ್ಯಾಯಾಧೀಶರು ‘ಪಾಟೀಸವಾಲು ಇಲ್ಲ’ ಎಂದು ಬರೆಸಿಬಿಟ್ಟರು. ಅಂದರೆ ಗಂಡ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಹೇಳಿದ ಮಾತುಗಳಿಗೆ ನಮ್ಮ ಕಡೆಯಿಂದ ಒಂದು ಪ್ರಶ್ನೆಯೂ ಇಲ್ಲ ಎಂದು ದಾಖಲೆ. ತಂಗಿ ಕಾರಿಡಾರಿನ ಬೆಂಚಿನ ಮೇಲೆ ಕೂತು ಚೀಲದ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಅವಳನ್ನು ಸಮಾಧಾನ ಮಾಡಲು ನನ್ನ ಬಳಿ ಮಾತಿರಲಿಲ್ಲ.

ಆದ್ದರಿಂದ ಇಲ್ಲಿ ಬರೆಯುವುದೆಲ್ಲ ಒಂದೇ ಪ್ರಶ್ನೆಯ ಸುತ್ತ: ಸಾಕ್ಷಿಯ ದಿನ ನಿಮ್ಮ ಪರ ಎದ್ದು ನಿಲ್ಲುವವರು ಯಾರು, ಅವರು ನಿಮ್ಮ ಫೈಲನ್ನು ಓದಿರುತ್ತಾರೆಯೇ? ಇಬ್ಬರೂ ಒಪ್ಪಿ ಬೇರೆಯಾಗುವ ಕೇಸಿನಲ್ಲಿ ವಕೀಲರ ಕೆಲಸ ಹೆಚ್ಚಾಗಿ ಕಾಗದಪತ್ರದ್ದು. ಒಬ್ಬರು ಬೇಕು, ಇನ್ನೊಬ್ಬರು ಬೇಡ ಎನ್ನುವ ಕೇಸು ನಿಲ್ಲುವುದೂ ಬೀಳುವುದೂ ಸಾಕ್ಷಿಕಟ್ಟೆಯಲ್ಲಿ.

ವಕೀಲರ ಮನೆ ಬಾಗಿಲು ತಟ್ಟುವ ಮುಂಚೆ

ಸಮನ್ಸ್ ಬಂದಿದ್ದರೆ ಮೊದಲು ಅದರಲ್ಲಿರುವ ತಾರೀಕು, ಕೋರ್ಟು, ಕೇಸಿನ ನಂಬರ್ ಬರೆದುಕೊಳ್ಳಿ. ನಮ್ಮ ಕೋರ್ಟುಗಳಲ್ಲಿ ಇಂಥ ಕೇಸುಗಳಿಗೆ ಸಾಮಾನ್ಯವಾಗಿ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ಎಂದು ನಂಬರ್ ಇರುತ್ತದೆ. ಲಕೋಟೆ ಈಸಿಕೊಳ್ಳದೆ ವಾಪಸ್ ಕಳಿಸಿದರೆ ಕೇಸು ನಿಲ್ಲುತ್ತದೆ ಎಂದು ಹೇಳುವ ನೆಂಟರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ. ನೀವು ಹೋಗದಿದ್ದರೆ ಕೇಸು ಏಕಪಕ್ಷೀಯವಾಗಿ ನಡೆದು ತೀರ್ಪು ಬಂದುಬಿಡಬಹುದು, ಆಮೇಲೆ ಅದನ್ನು ತೆರವು ಮಾಡಿಸುವುದೇ ಇನ್ನೊಂದು ಕೇಸು. ಹಾಗೆಂದು ನಮ್ಮ ಹಾಗೆ ಒಂದೇ ರಾತ್ರಿಯಲ್ಲಿ ತೀರ್ಮಾನ ಮಾಡುವ ಅಗತ್ಯವೂ ಇಲ್ಲ. ಮೊದಲ ವಾಯಿದೆಗೆ ನೀವೇ ಹಾಜರಾಗಿ, ವಕೀಲರನ್ನು ಇಟ್ಟುಕೊಳ್ಳಲು ಸಮಯ ಬೇಕೆಂದು ಕೇಳಬಹುದು.

ನಂತರ ಒಂದು ಹಾಳೆ ತೆಗೆದುಕೊಂಡು ತಾರೀಕುಗಳ ಪಟ್ಟಿ ಮಾಡಿ. ಮದುವೆಯಾದ ದಿನ ಮತ್ತು ಸ್ಥಳ, ಇಬ್ಬರೂ ಕೊನೆಗೆ ಒಟ್ಟಿಗೆ ಇದ್ದ ಊರು, ಬೇರೆಯಾದ ದಿನ, ಮಕ್ಕಳು ಹುಟ್ಟಿದ ದಿನ, ಪೊಲೀಸ್ ಠಾಣೆಗೆ ಹೋಗಿದ್ದರೆ ಆ ದಿನ, ಹಿರಿಯರು ಪಂಚಾಯ್ತಿ ಮಾಡಿದ ದಿನ. ವಿಶೇಷಣ ಬೇಡ, ಬೈಗುಳ ಬೇಡ, ತಾರೀಕು ಮತ್ತು ನಡೆದದ್ದು ಮಾತ್ರ. ಪಕ್ಕದಲ್ಲಿ, ಇದಕ್ಕೆ ನನ್ನ ಬಳಿ ಏನಿದೆ ಎಂದು ಇನ್ನೊಂದು ಸಾಲು: ಮೆಸೇಜು, ಆಸ್ಪತ್ರೆಯ ಚೀಟಿ, ಬ್ಯಾಂಕ್ ಪಾಸ್‌ಬುಕ್, ಫೋಟೊ. ತಂಗಿಯ ಪಟ್ಟಿಯಲ್ಲಿ ಒಂದು ಬಸ್ ಟಿಕೆಟ್ ಇತ್ತು. ‘ಹೇಳದೆ ಮನೆ ಬಿಟ್ಟಳು’ ಎಂದು ಗಂಡ ಬರೆದ ದಿನದ್ದೇ. ಅವಳು ತವರಿಗೆ ಹೋಗಲು ಆ ಟಿಕೆಟ್ ಬುಕ್ ಮಾಡಿ ಅವಳ ಫೋನಿಗೆ ಕಳಿಸಿದ್ದು ಗಂಡನೇ.

ಫೋನಿನ ಮೆಸೇಜುಗಳನ್ನು ಅಳಿಸಬೇಡಿ, ಫೋನನ್ನೂ ಎಕ್ಸ್‌ಚೇಂಜಿಗೆ ಕೊಡಬೇಡಿ. ಸ್ಕ್ರೀನ್‌ಶಾಟ್ ಪ್ರಿಂಟು ಒಂದೇ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅದರ ಜೊತೆ ದೃಢೀಕರಣದ ಸರ್ಟಿಫಿಕೇಟ್ ಕೊಡಬೇಕಾಗುತ್ತದೆ. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ, ಮೂಲ ಮಾತ್ರ ನಿಮ್ಮ ಕೈಯಲ್ಲಿರಲಿ.

ಯಾವ ಊರಿನ ವಕೀಲರು ಬೇಕು ಎನ್ನುವುದನ್ನು ಕೇಸು ಎಲ್ಲಿ ನಡೆಯುತ್ತದೆ ಎನ್ನುವುದೇ ತೀರ್ಮಾನಿಸುತ್ತದೆ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆ ನಡೆದ ಊರು, ಎದುರು ಪಕ್ಷದವರು ಇರುವ ಊರು, ದಂಪತಿ ಕೊನೆಗೆ ಒಟ್ಟಿಗೆ ಇದ್ದ ಊರು, ಇವುಗಳಲ್ಲಿ ಎಲ್ಲಿಯಾದರೂ ಅರ್ಜಿ ಹಾಕಬಹುದು. ಹೆಂಡತಿಯೇ ಅರ್ಜಿ ಹಾಕುವುದಾದರೆ ಆಕೆ ಈಗ ಇರುವ ಊರಿನಲ್ಲೂ ಹಾಕಬಹುದು. ಇದು 2003ರ ತಿದ್ದುಪಡಿಯಿಂದ ಬಂದ ಅನುಕೂಲ. ಕುಟುಂಬ ನ್ಯಾಯಾಲಯ ಇರುವ ಊರಿನಲ್ಲಿ ಅಲ್ಲಿ, ಇಲ್ಲದ ಊರಿನಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ. ಗಂಡ ದೂರದ ಊರಿನಲ್ಲಿ ಕೇಸು ಹಾಕಿದ್ದರೆ, ಓಡಾಟದ ಕಷ್ಟ ಹೇಳಿಕೊಂಡು ಹೈಕೋರ್ಟಿನಲ್ಲಿ ವರ್ಗಾವಣೆ ಕೇಳಬಹುದು. ಬೇರೆ ರಾಜ್ಯದಿಂದ ಇಲ್ಲಿಗೆ ತರಿಸಬೇಕಾದರೆ ಸುಪ್ರೀಂ ಕೋರ್ಟು. ವರ್ಗಾವಣೆ ಅರ್ಜಿಗೆ ಹೈಕೋರ್ಟಿನಲ್ಲಿ ಕೆಲಸ ಮಾಡುವ ವಕೀಲರು ಬೇರೆಯಾಗಿ ಬೇಕಾಗಬಹುದು, ಬೆಂಗಳೂರಿನಲ್ಲೋ ಧಾರವಾಡ, ಕಲಬುರಗಿ ಪೀಠಗಳಲ್ಲೋ. ಜಿಲ್ಲಾ ಕೋರ್ಟಿನ ನಿಮ್ಮ ವಕೀಲರೇ ಒಬ್ಬರ ಹೆಸರು ಹೇಳುತ್ತಾರೆ.

ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ಮುಸ್ಲಿಂ ಮಹಿಳೆಗೆ 1939ರ ಕಾಯ್ದೆ, ರಿಜಿಸ್ಟರ್ ಮದುವೆಗೆ 1954ರ ವಿಶೇಷ ವಿವಾಹ ಕಾಯ್ದೆ. ನಿಮ್ಮದು ಯಾವುದೋ ಅದರಲ್ಲಿ ಕೇಸು ನಡೆಸಿದವರನ್ನೇ ಹುಡುಕಿ.

ಹೆಸರುಗಳು ಎಲ್ಲಿ ಸಿಗುತ್ತವೆ

ಐದಾರು ಹೆಸರು ಕೂಡಿಸಿ, ಅದರಲ್ಲಿ ಮೂವರನ್ನು ಭೇಟಿ ಮಾಡಿ. ಇಂಟರ್ನೆಟ್ಟಿನಲ್ಲಿ ‘ನಂಬರ್ 1 ಡಿವೋರ್ಸ್ ಲಾಯರ್’ ಎಂದು ಬರುವ ಹೆಸರುಗಳಿಂದ ಶುರು ಮಾಡಬೇಡಿ. ವಕೀಲರು ಜಾಹೀರಾತು ಕೊಡುವುದನ್ನು, ಕಕ್ಷಿದಾರರನ್ನು ಕರೆಯುವುದನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ತಡೆಯುತ್ತದೆ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ಆನ್‌ಲೈನ್ ಪಟ್ಟಿಗಳ ಬಗ್ಗೆ ಖಡಕ್ಕಾಗಿಯೇ ಹೇಳಿದೆ.

ಒಳ್ಳೆಯ ಹೆಸರು ಬರುವುದು ಮೂರು ಕಡೆಯಿಂದ. ಒಂದು, ಆಸ್ತಿಯ ಕೇಸನ್ನೋ ಚೆಕ್ ಬೌನ್ಸ್ ಕೇಸನ್ನೋ ನಡೆಸುವ ನಿಮಗೆ ಗೊತ್ತಿರುವ ವಕೀಲರು. ‘ನಿಮ್ಮ ಸ್ವಂತ ತಂಗಿಯ ಕೇಸಾದರೆ ಯಾರ ಹತ್ತಿರ ಕಳಿಸ್ತೀರಿ?’ ಎಂದು ಕೇಳಿ. ಎರಡು, ಇಂಥದ್ದೇ ಕೇಸು ಕೊನೆವರೆಗೆ ನಡೆಸಿ ಮುಗಿಸಿದವರು. ಗೆದ್ದವರನ್ನಷ್ಟೇ ಅಲ್ಲ, ಸೋತವರನ್ನೂ ಕೇಳಿ. ಸೋತರೂ ‘ನಮ್ಮ ಲಾಯರ್ ತಪ್ಪಿಲ್ಲ’ ಎಂದು ಹೇಳಿಸಿಕೊಳ್ಳುವ ವಕೀಲರಿದ್ದರೆ ಆ ಹೆಸರನ್ನು ಪಟ್ಟಿಯ ಮೇಲಕ್ಕೆ ತನ್ನಿ. ಮೂರು, ಕೋರ್ಟಿನ ಕಾರಿಡಾರು. ವಿವಾಹದ ಕೇಸುಗಳ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕೆಂದು ಕಾನೂನೇ ಹೇಳುವುದರಿಂದ ಒಳಗೆ ಕೂತು ನೋಡಲಾಗದು. ಆದರೆ ಹೊರಗೆ ಅರ್ಧ ದಿನ ಕೂತರೆ ಸಾಕು, ಕೇಸು ಕೂಗಿದಾಗ ಯಾರು ಸಮಯಕ್ಕೆ ಬರುತ್ತಾರೆ, ಯಾರು ಕಕ್ಷಿದಾರರನ್ನು ಪಕ್ಕಕ್ಕೆ ಕರೆದು ಇವತ್ತು ಏನಾಯಿತು ಎಂದು ಬಿಡಿಸಿ ಹೇಳುತ್ತಾರೆ, ಎಲ್ಲ ಕಾಣುತ್ತದೆ.

ನೆಂಟರಲ್ಲೇ ಒಬ್ಬರು ವಕೀಲರಿದ್ದಾರೆಯೇ? ಸಲಹೆ ಕೇಳಿ, ಕೇಸು ಕೊಡಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಂಥ ಕೇಸಿನಲ್ಲಿ ಮಲಗುವ ಕೋಣೆಯ ಮಾತನ್ನೂ ಹೇಳಬೇಕಾಗುತ್ತದೆ. ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ, ಆದರೆ ಮುಂದಿನ ಮದುವೆ ಮನೆಯಲ್ಲಿ ಎದುರಾಗುವ ಚಿಕ್ಕಪ್ಪನ ಮುಂದೆ ಬಾಯಿ ಬರುವುದಿಲ್ಲ. ಎರಡೂ ಮನೆಗೆ ಬೇಕಾದವರು ಎಂಬ ಕಾರಣಕ್ಕೆ ಇಬ್ಬರಿಗೂ ಒಬ್ಬರೇ ವಕೀಲರು ಎನ್ನುವ ಏರ್ಪಾಟು ತಕರಾರಿನ ಕೇಸಿನಲ್ಲಿ ಸಾಧ್ಯವೇ ಇಲ್ಲ.

ಹೆಸರನ್ನು ಪರೀಕ್ಷಿಸುವುದು

ಪ್ರತಿ ವಕೀಲರಿಗೂ ರಾಜ್ಯ ಬಾರ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಇರುತ್ತದೆ. ಕರ್ನಾಟಕದ್ದು ಕೆಎಆರ್ ಎಂದು ಶುರುವಾಗಿ, ಒಂದು ಸಂಖ್ಯೆ, ಕೊನೆಗೆ ನೋಂದಣಿಯ ವರ್ಷ. ಕೇಳಲು ಸಂಕೋಚ ಬೇಡ, ವಕಾಲತ್ತಿನ ಮೇಲೆ ಅದನ್ನು ಹೇಗೂ ಬರೆಯುತ್ತಾರೆ. ಆಮೇಲೆ ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್ ತೆರೆದು, ಕೇಸ್ ಸ್ಟೇಟಸ್‌ನಲ್ಲಿ ನಿಮ್ಮ ಜಿಲ್ಲೆ ಮತ್ತು ಕೋರ್ಟ್ ಆರಿಸಿ, ವಕೀಲರ ಹೆಸರು ಹಾಕಿ ಹುಡುಕಿ. ಅವರು ನಡೆಸುತ್ತಿರುವ, ಮುಗಿಸಿದ ಕೇಸುಗಳ ಪಟ್ಟಿ ಬರುತ್ತದೆ. ಅದರಲ್ಲಿ ಎಂ.ಸಿ. ಕೇಸುಗಳಿವೆಯೇ ನೋಡಿ. ಒಂದೆರಡು ಕೇಸು ತೆರೆದು ವಾಯಿದೆಗಳ ಚರಿತ್ರೆ ಓದಿ. ಸಾಕ್ಷಿಯ ಹಂತದಲ್ಲಿ ‘ವಕೀಲರು ಗೈರು’, ‘ಸಮಯ ಕೋರಿದರು’ ಎಂದು ಮತ್ತೆ ಮತ್ತೆ ಕಂಡರೆ ನಿಮ್ಮ ಕೇಸಿಗೂ ಅದೇ ಗತಿ ಎಂದು ಅನುಮಾನ ಪಡಲು ಕಾರಣವಿದೆ. ಒಂದೆರಡು ಕಡೆ ಕಂಡರೆ ಅದನ್ನೇ ದೊಡ್ಡದು ಮಾಡಬೇಡಿ. ಎದುರು ಪಕ್ಷ, ಸಾಕ್ಷಿ, ಕೋರ್ಟಿನ ರಜೆ, ವಾಯಿದೆ ಮುಂದೆ ಹೋಗಲು ನೂರು ಕಾರಣ. ನಾವು ಮೊದಲ ಸಲ ಈ ಕೆಲಸ ಮಾಡಿರಲಿಲ್ಲ. ಅರ್ಧ ಗಂಟೆಯ ಕೆಲಸ.

ಮೊದಲ ಭೇಟಿ

ಎರಡನೇ ಸಲ ನಾವು ಹೋದದ್ದು ಕಿರಾಣಿ ಅಂಗಡಿಯ ಮೇಲಿನ ಒಂದು ಸಣ್ಣ ಆಫೀಸಿಗೆ. ವಕೀಲೆ ನಮ್ಮ ಕಥೆಯನ್ನು ಹದಿನೈದು ನಿಮಿಷ ಸುಮ್ಮನೆ ಕೇಳಿ, ಪೆನ್ನಿನ ಮುಚ್ಚಳ ಹಾಕಿ, ತಂಗಿಯನ್ನು ನೋಡಿ ಕೇಳಿದರು: ‘ನಿಮ್ಮ ಮೇಲೆ ಅವರು ಬರೆದಿರೋದರಲ್ಲಿ ನಿಜ ಯಾವುದಮ್ಮ?’ ತಂಗಿ ತಬ್ಬಿಬ್ಬಾದಳು. ನಾನು ಏನೋ ಹೇಳಹೋದೆ, ಅವರು ಕೈಯೆತ್ತಿ ತಡೆದರು. ತಂಗಿ ನಿಧಾನವಾಗಿ ಎರಡು ವಿಷಯ ಹೇಳಿದಳು, ನನಗೂ ಗೊತ್ತಿರಲಿಲ್ಲ. ‘ಸರಿ, ಇದನ್ನು ಅವರ ವಕೀಲರು ಕೇಳೋಕೆ ಮುಂಚೆ ನಾವೇ ಆಕ್ಷೇಪಣೆಯಲ್ಲಿ ಹೇಳಿಬಿಡಬೇಕಿತ್ತು’ ಎಂದರು. ಆಕ್ಷೇಪಣೆ ಎಂದರೆ ಎದುರಿನವರ ಅರ್ಜಿಗೆ ನಾವು ಸಲ್ಲಿಸುವ ಲಿಖಿತ ಉತ್ತರ. ಹಳೆಯ ಆಫೀಸಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನಿಮ್ಮ ಕೇಸಿನ ದುರ್ಬಲ ಜಾಗವನ್ನು ಮೊದಲ ಭೇಟಿಯಲ್ಲೇ ಹುಡುಕುವವರು ಪಾಟೀಸವಾಲು ಬಲ್ಲವರು ಎಂದು ತಿಳಿಯಿರಿ, ಏಕೆಂದರೆ ಎದುರು ಕಡೆಯವರು ಒತ್ತುವುದೂ ಅಲ್ಲಿಯೇ.

ನೀವು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಸಾಕ್ಷ್ಯದ ದಿನ ನೀವೇ ಬರುತ್ತೀರಾ, ಬೇರೆಯವರೇ? ಬೇರೆಯವರಾದರೆ ಅವರನ್ನು ಈಗಲೇ ಪರಿಚಯ ಮಾಡಿಸಿ. ಜೂನಿಯರ್ ಬರುವುದು ತಪ್ಪಲ್ಲ, ವಾಯಿದೆ ಪಡೆಯುವ ದಿನ ಯಾರು ಬಂದರೂ ನಡೆಯುತ್ತದೆ. ತಪ್ಪು ಎಂದರೆ ಫೈಲು ಓದದವರು ಸಾಕ್ಷಿಯ ದಿನ ಬರುವುದು. ನನ್ನ ಕೇಸಿನಲ್ಲಿ ಯಾವ ಕಾರಣ ನಿಲ್ಲುತ್ತದೆ, ಕ್ರೌರ್ಯವೋ ಪರಿತ್ಯಾಗವೋ, ಅದಕ್ಕೆ ಏನು ಸಾಕ್ಷಿ ಬೇಕು? ಮಕ್ಕಳ ವಿಷಯ, ಜೀವನಾಂಶದ ವಿಷಯ ಬೇರೆ ಅರ್ಜಿಯೋ ಇದರಲ್ಲೇ ಸೇರುತ್ತದೆಯೋ? ರಾಜಿಗೆ ದಾರಿಯಿದೆಯೇ?

ಇನ್ನೆರಡು ಪ್ರಶ್ನೆ ಕೇಳಿ ಅವರ ತಿಳಿವಳಿಕೆಯನ್ನೇ ಅಳೆಯಬಹುದು. ‘ಐದು ವರ್ಷ ಬೇರೆ ಇದ್ದರೆ ತಾನಾಗಿಯೇ ಡಿವೋರ್ಸ್ ಸಿಗುತ್ತಂತಲ್ಲ?’ ಎಂದು ಕೇಳಿ. ಹೌದು ಎಂದರೆ ಎದ್ದು ಬನ್ನಿ. ಸಂಬಂಧ ಸರಿಪಡಿಸಲಾಗದಷ್ಟು ಮುರಿದಿದೆ ಎನ್ನುವುದು ಹಿಂದೂ ವಿವಾಹ ಕಾಯ್ದೆಯಲ್ಲಿ ಒಂದು ಕಾರಣವೇ ಅಲ್ಲ. ಆ ಆಧಾರದ ಮೇಲೆ ಸಂವಿಧಾನದ 142ನೇ ವಿಧಿಯಡಿ ವಿಚ್ಛೇದನ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ ಎಂದು 2023ರ ಶಿಲ್ಪಾ ಶೈಲೇಶ್ ತೀರ್ಪು ಹೇಳಿದೆ. ‘ಆರು ತಿಂಗಳಲ್ಲಿ ಮುಗಿಯುತ್ತಾ?’ ಎಂದೂ ಕೇಳಿ. ಆರು ತಿಂಗಳು ಕಾಯುವ ಲೆಕ್ಕ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಇಬ್ಬರೂ ಒಪ್ಪಿ ಹಾಕುವ ಅರ್ಜಿಯದು, ಅದನ್ನೂ ಸೂಕ್ತ ಕೇಸುಗಳಲ್ಲಿ ಬಿಟ್ಟುಕೊಡಬಹುದೆಂದು 2017ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ತಕರಾರಿನ ಕೇಸನ್ನೂ ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಅದೇ ಕಾಯ್ದೆಯ 21ಬಿ ಕಲಮು ಹೇಳುತ್ತದೆ, ಆದರೆ ಅದು ಕಟ್ಟುನಿಟ್ಟಿನ ಗಡುವಲ್ಲ. ‘ವರ್ಷಗಳು ಹಿಡಿಯಬಹುದು’ ಎಂದು ಹೇಳುವ ವಕೀಲರು ನಿಮ್ಮನ್ನು ಹೆದರಿಸುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದಾರೆ.

ಮತ್ತೊಂದು ಮಾತು, ಇದನ್ನು ಗಂಡಸರಿಗೂ ಹೆಂಗಸರಿಗೂ ಸಮನಾಗಿ ಹೇಳುತ್ತಿದ್ದೇನೆ. ‘ಮೊದಲು ಒಂದು ಕ್ರಿಮಿನಲ್ ಕೇಸು ಹಾಕಿಬಿಡೋಣ, ದಾರಿಗೆ ಬರ್ತಾರೆ’ ಎಂದು ನಡೆಯದ ಸಂಗತಿಯನ್ನು ಬರೆಸಲು ಹೊರಡುವ ವಕೀಲರನ್ನು ಬಿಟ್ಟು ಬನ್ನಿ. ನಿಜವಾಗಿ ಹಿಂಸೆ ನಡೆದಿದ್ದರೆ ಹೆಂಗಸರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಿದೆ, ಯಾರಿಗೇ ಆದರೂ ಪೊಲೀಸರಿದ್ದಾರೆ, ಅಲ್ಲಿಗೆ ಹೋಗಲು ಹಿಂಜರಿಯಬೇಡಿ. ಸುಳ್ಳು ಆರೋಪವಾದರೆ ಅದು ಮುಂದೆ ನಿಮ್ಮ ಮೇಲೆಯೇ ಕ್ರೌರ್ಯದ ಆರೋಪವಾಗಿ ತಿರುಗುತ್ತದೆ.

ಫೀಸು

ಫೀಸಿನ ಮಾತನ್ನು ಮೊದಲ ದಿನವೇ ಆಡಿ. ಪ್ರತಿ ವಾಯಿದೆಗೆ ಇಷ್ಟು ಎನ್ನುವವರಿದ್ದಾರೆ, ಇಡೀ ಕೇಸಿಗೆ ಇಷ್ಟು ಎನ್ನುವವರಿದ್ದಾರೆ. ಮೊದಲನೆಯದರಲ್ಲಿ ಕೇಸು ಮುಂದೆ ಹೋದಷ್ಟೂ ನಿಮ್ಮ ಜೇಬಿಗೆ ಕತ್ತರಿ, ಎರಡನೆಯದರಲ್ಲಿ ಪೂರ್ತಿ ಹಣ ಮೊದಲೇ ಕೊಟ್ಟಿದ್ದರೆ ಕೊನೆಯ ಹಂತದಲ್ಲಿ ಉತ್ಸಾಹ ಇಳಿಯುವ ಭಯ. ಆಕ್ಷೇಪಣೆ ಸಲ್ಲಿಸಿದಾಗ ಇಷ್ಟು, ಮಧ್ಯಂತರ ಅರ್ಜಿಗೆ ಇಷ್ಟು, ಸಾಕ್ಷ್ಯ ಮುಗಿದಾಗ ಇಷ್ಟು, ವಾದಕ್ಕೆ ಇಷ್ಟು ಎಂದು ಹಂತಹಂತವಾಗಿ ಮಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಅದನ್ನು ಒಂದು ಚೀಟಿಯಲ್ಲಿ ಬರೆಸಿ, ಟೈಪಿಂಗ್, ಜೆರಾಕ್ಸ್, ಗುಮಾಸ್ತರ ಖರ್ಚು ಅದರೊಳಗೋ ಹೊರಗೋ ಎಂದು ಸೇರಿಸಿ, ಹಣ ಬ್ಯಾಂಕ್ ಮೂಲಕವೇ ಕೊಡಿ. ಜೀವನಾಂಶ ಬಂದರೆ ಅದರಲ್ಲಿ ಇಷ್ಟು ಪಾಲು ನನ್ನದು ಎಂದು ಯಾರಾದರೂ ಹೇಳಿದರೆ ಅದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ.

ಕೈಯಲ್ಲಿ ಹಣವಿಲ್ಲ ಎಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ಕೋರ್ಟಿನ ಆವರಣದ ಕಾನೂನು ಸೇವಾ ಪ್ರಾಧಿಕಾರದಲ್ಲೋ ತಾಲ್ಲೂಕಿನ ಸಮಿತಿಯಲ್ಲೋ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ. ಅಲ್ಲಿ ಕೊಟ್ಟ ವಕೀಲರಿಗೂ ಮೇಲಿನ ಪ್ರಶ್ನೆಗಳನ್ನೇ ಕೇಳುವ ಹಕ್ಕು ನಿಮಗಿದೆ. ಸ್ವಂತ ಆದಾಯವಿಲ್ಲದ ಗಂಡನಾಗಲಿ ಹೆಂಡತಿಯಾಗಲಿ, ಕೇಸಿನ ಖರ್ಚನ್ನೂ ಮಧ್ಯಂತರ ಜೀವನಾಂಶವನ್ನೂ ಎದುರು ಪಕ್ಷದಿಂದ ಕೊಡಿಸಿ ಎಂದು ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಕೇಳಬಹುದು. ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟೂ ಅದನ್ನು ತೀರ್ಮಾನಿಸಬೇಕೆಂದು ಕಾನೂನಿದೆ. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಲೇಬೇಕು. ಸಂಬಳದ ಚೀಟಿ, ಇಎಂಐ ಲೆಕ್ಕ ತನ್ನಿ ಎಂದು ನಿಮ್ಮ ವಕೀಲರು ತಾವಾಗಿಯೇ ಕೇಳಿದರೆ, ಅವರಿಗೆ ಈ ಕೆಲಸ ಗೊತ್ತಿದೆ.

ಸಹಿ ಹಾಕುವಾಗ

ವಕಾಲತ್ತು ಓದಿ ಸಹಿ ಹಾಕಿ. ಅದರಲ್ಲಿ ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರವನ್ನೂ ಅಚ್ಚು ಹಾಕಿರುತ್ತಾರೆ. ಬೇಡವೆಂದರೆ ಆ ಸಾಲು ಹೊಡೆದು ಹಾಕಿಸಿ. ಖಾಲಿ ಹಾಳೆ, ಖಾಲಿ ಛಾಪಾ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಬೇಡ. ಕುಟುಂಬ ನ್ಯಾಯಾಲಯದಲ್ಲಿ ವಕೀಲರ ಮೂಲಕ ನಡೆಸುವುದು ಹಕ್ಕಲ್ಲ, 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 13ನೇ ಕಲಮಿನ ಪ್ರಕಾರ ಕೋರ್ಟಿನ ಅನುಮತಿ ಬೇಕು. ಅನುಭವಿಗಳು ವಕಾಲತ್ತಿನ ಜೊತೆಗೇ ಆ ಅರ್ಜಿ ಹಾಕುತ್ತಾರೆ. ದಾಖಲೆಗಳ ಜೆರಾಕ್ಸ್ ಕೊಡಿ, ಮೂಲ ಪ್ರತಿಗಳನ್ನು, ಅವನ್ನು ಸಾಕ್ಷ್ಯವಾಗಿ ಗುರುತು ಮಾಡಿಸುವ ದಿನ ನೀವೇ ಕೋರ್ಟಿಗೆ ತನ್ನಿ.

ವಿದೇಶದಲ್ಲಿರುವವರು ಇಲ್ಲಿ ಒಬ್ಬರಿಗೆ ಅಧಿಕಾರಪತ್ರ ಕೊಡುವುದಾದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ‘ಅಲ್ಲೇ ಡಿವೋರ್ಸ್ ತಗೊಂಡುಬಿಡಿ’ ಎಂಬ ಸಲಹೆ ಕೇಳುವ ಮುಂಚೆ, ಇಲ್ಲಿನ ಕಾನೂನಿನಲ್ಲಿಲ್ಲದ ಕಾರಣಕ್ಕೆ ಏಕಪಕ್ಷೀಯವಾಗಿ ಪಡೆದ ವಿದೇಶಿ ಡಿಕ್ರಿಯನ್ನು ಮಾನ್ಯ ಮಾಡದ 1991ರ ಸುಪ್ರೀಂ ಕೋರ್ಟ್ ತೀರ್ಪಿನ ಬಗ್ಗೆ ವಕೀಲರನ್ನು ಕೇಳಿ.

ಕೇಸು ನಡೆಯುವಾಗ

ನಿಮ್ಮ ಕೇಸಿನ ಗುರುತಿನ ಸಂಖ್ಯೆಯಾದ 16 ಅಕ್ಷರಗಳ ಸಿಎನ್ಆರ್ ನಂಬರ್ ಪಡೆದು ಇ-ಕೋರ್ಟ್ಸ್ ಆ್ಯಪಿನಲ್ಲಿ ಇಟ್ಟುಕೊಳ್ಳಿ, ಮುಂದಿನ ವಾಯಿದೆಯನ್ನು ಯಾರನ್ನೂ ಕೇಳದೆ ನೋಡಬಹುದು. ಮಧ್ಯಸ್ಥಿಕೆಗೆ ಕಳಿಸಿದರೆ ಹೋಗಿ. ಬೆಂಗಳೂರಿನಲ್ಲಿ 2007ರಲ್ಲಿ ಶುರುವಾದ ಮಧ್ಯಸ್ಥಿಕೆ ಕೇಂದ್ರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ವರ್ಷಗಟ್ಟಲೆ ಕಚ್ಚಾಡಿದವರು ಅಲ್ಲಿನ ಮೇಜಿನ ಎದುರುಬದುರು ಕೂತು ಮಗುವಿನ ಶಾಲೆಯ ಫೀಸಿನ ಬಗ್ಗೆ ಸಹಜವಾಗಿ ಮಾತಾಡಿದ್ದನ್ನು ನಾನು ಕಂಡಿದ್ದೇನೆ.

ಸಾಕ್ಷಿಯ ಹಿಂದಿನ ಸಂಜೆ ವಕೀಲರ ಜೊತೆ ಕೂರುವುದು ಕಡ್ಡಾಯ. ಸುಳ್ಳು ಕಲಿಸಿಕೊಳ್ಳಲಿಕ್ಕಲ್ಲ. ನಿಮ್ಮದೇ ಪ್ರಮಾಣಪತ್ರವನ್ನು ಮತ್ತೊಮ್ಮೆ ಓದಲು, ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನುವ ಧೈರ್ಯ ತಂದುಕೊಳ್ಳಲು.

ವಕೀಲರನ್ನು ಬದಲಾಯಿಸಬೇಕಾದರೆ

ಬದಲಾಯಿಸುವುದು ನಿಮ್ಮ ಹಕ್ಕು, ಆದರೆ ಮೊದಲು ಎದುರು ಕೂತು ಏನು ಸರಿಯಿಲ್ಲ ಎಂದು ಹೇಳಿ ನೋಡಿ. ಆಗಲಿಲ್ಲವೆಂದರೆ ಹಳೆಯ ವಕೀಲರಿಂದ ನಿರಾಕ್ಷೇಪಣೆ ಪಡೆದು ಹೊಸ ವಕಾಲತ್ತು ಹಾಕಿಸಿ. ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಪಡೆದು ಹಳೆಯ ವಕಾಲತ್ತನ್ನು ಕೊನೆಗೊಳಿಸಬಹುದು. ಫೀಸು ಬಾಕಿಯಿದೆ ಎಂದು ಫೈಲು ಹಿಡಿದಿಟ್ಟುಕೊಳ್ಳುವ ಅಧಿಕಾರ ವಕೀಲರಿಗಿಲ್ಲ; ಆರ್.ಡಿ. ಸಕ್ಸೇನಾ ಕೇಸಿನಲ್ಲಿ 2000ದಲ್ಲೇ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ಬಾಕಿಯನ್ನು ಅವರು ಬೇರೆ ದಾರಿಯಲ್ಲಿ ವಸೂಲಿ ಮಾಡಬೇಕು. ನಿಜವಾದ ದುರ್ನಡತೆಯಾದರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ಬಾರ್ ಕೌನ್ಸಿಲ್ಲಿಗೆ ದೂರು. ಕೇಸು ಸೋತದ್ದು ದುರ್ನಡತೆಯಲ್ಲ.

ನಾವು ದೂರು ಕೊಡಲಿಲ್ಲ, ಫೈಲು ಮಾತ್ರ ಕೇಳಿದೆವು. ಎರಡು ವಾರದ ನಂತರ ಗುಮಾಸ್ತರು ಹಸಿರು ದಾರ ಕಟ್ಟಿದ ಕಟ್ಟು ತಂದುಕೊಟ್ಟರು. ಹೊಸ ವಕೀಲೆ ಅದನ್ನು ಮೇಜಿನ ಮೇಲೆ ಬಿಚ್ಚಿ ಒಂದೊಂದೇ ಹಾಳೆ ತಿರುವುತ್ತಾ ಹೋದರು. ತಂಗಿ ಮೊದಲ ದಿನವೇ ಕೊಟ್ಟಿದ್ದ ತಾರೀಕಿನ ಪಟ್ಟಿ ಸಿಕ್ಕಿತು, ಅದರ ಹಿಂದೆ ಪಿನ್ ಹಾಕಿದ್ದ ಬಸ್ ಟಿಕೆಟ್ಟಿನ ಪ್ರಿಂಟು. ನಾವು ಮಡಚಿ ಕೊಟ್ಟಂತೆಯೇ ಇತ್ತು. ಅವರು ಮಡಿಕೆ ಬಿಡಿಸಿ, ಎರಡು ಸಲ ಓದಿ, ಸಾಕ್ಷಿಯನ್ನು ಮತ್ತೆ ಕರೆಸುವ ಅರ್ಜಿಯ ಕರಡನ್ನು ಆ ಸಂಜೆಯೇ ಬರೆಯಲು ಕೂತರು.